'ತಣ್ಣಗಿನ ಟೈರ್', 'ಡಿಮ್ ಲೈಟ್', 'ಫ್ಯೂಸ್ ಆದ ಬಲ್ಬ್': ಕಾರಿನ ಕೈಪಿಡಿಗೆ ಯಾವ ಪದ?

ಕೇಳಿಕೆ

ಎಲ್ಲರಿಗೂ ನಮಸ್ಕಾರ. ಸ್ವಂತ ಕಾರು ಓಡಿಸುವವರಿಗಾಗಿ ಟೈರ್ ನೋಡಿಕೊಳ್ಳುವುದು ಮತ್ತು ಹೆಡ್‌ಲೈಟ್ ಬಲ್ಬ್ ಬದಲಿಸುವುದರ ಬಗ್ಗೆ ಒಂದು ಚಿಕ್ಕ ಕೈಪಿಡಿ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ಕೆಲವು ಪದಗಳು ಸರಿಹೋಗುತ್ತಿಲ್ಲ.

'ಕೋಲ್ಡ್ ಪ್ರೆಶರ್' ಎನ್ನುವುದಕ್ಕೆ 'ಶೀತಲ ಒತ್ತಡ' ಎಂದು ಬರೆದಿದೆ. ಇದು ಯಾರಿಗಾದರೂ ಅರ್ಥವಾಗುತ್ತದೆಯೇ? 'ಟೈರ್ ರೊಟೇಶನ್' ಎಂಬುದು 'ಟೈರಿನ ತಿರುಗುವಿಕೆ' ಆಗಿದೆ. ಟೈರ್ ಇರುವುದೇ ತಿರುಗಲಿಕ್ಕೆ ಅಲ್ಲವೇ? ಟೈರಿಗೆ ಬಂಡಿಗಾಲಿಯ 'ಹಳಿ' ಎಂಬ ಪದವನ್ನು ಮರಳಿ ತರಬಹುದು ಎಂದು ಒಬ್ಬರು ಸೂಚಿಸಿದ್ದಾರೆ. ಹೆಡ್‌ಲೈಟಿನ ಎರಡು ಬಗೆಯ ಬೆಳಕಿಗೆ 'ಉನ್ನತ ಕಿರಣಪುಂಜ', 'ಕೆಳ ಕಿರಣಪುಂಜ' ಎಂದಿದೆ. ಗ್ಯಾರೇಜಿನಲ್ಲಿ ಇದಕ್ಕೆ ಡಿಮ್, ಡಿಪ್, ಬ್ರೈಟ್ ಎನ್ನುತ್ತಾರೆ, ಆದರೆ ಒಬ್ಬೊಬ್ಬರ 'ಡಿಪ್' ಒಂದೊಂದು ತರ. ತಿಳಿದವರು ದಯವಿಟ್ಟು ಹೇಳಬೇಕು. ಓದಿದವರು ಕೈತಪ್ಪು ಮಾಡಬಾರದು ಎನ್ನುವುದೇ ನಮ್ಮ ಕಾಳಜಿ.

ಉತ್ತರ 1: ಟೈರಿನ ಪದಗಳು

'ಶೀತಲ ಒತ್ತಡ' ಬೇಡವೇ ಬೇಡ. 'ತಣ್ಣಗಿನ ಟೈರ್' ಎಂದರೂ ಅಪಾಯವೇ. ಓದಿದವರು ಟೈರನ್ನು ಕೈಯಿಂದ ಮುಟ್ಟಿ ನೋಡುತ್ತಾರೆ, ಬಿಸಿ ಕಂಡರೆ ನೀರು ಹೊಯ್ಯುತ್ತಾರೆ. ಇಲ್ಲಿ 'ಕೋಲ್ಡ್' ಎಂದರೆ ಮುಟ್ಟಿದರೆ ತಂಪು ಎಂದಲ್ಲ. ಗಾಡಿ ಕನಿಷ್ಠ ಮೂರು ಗಂಟೆ ನಿಂತಿರಬೇಕು, ಇಲ್ಲವೇ ನಿಧಾನವಾಗಿ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು, ಅಷ್ಟೇ. ಆದ್ದರಿಂದ 'ಗಾಡಿ ಓಡುವ ಮುನ್ನ ಇರಬೇಕಾದ ಗಾಳಿ' ಎಂದು ಬಿಡಿಸಿ ಬರೆಯಿರಿ. ಪದ ಉದ್ದವಾದರೂ ಕೆಲಸ ಸರಿಯಾಗುತ್ತದೆ.

ಇದು ಬರೀ ಭಾಷೆಯ ಮಾತಲ್ಲ. 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರಬೇಕಾದ ಟೈರ್ ಹೆದ್ದಾರಿಯಲ್ಲಿ ಒಂದು ಗಂಟೆ ಓಡಿದ ಮೇಲೆ 37 ತೋರಿಸಬಹುದು. 'ಜಾಸ್ತಿಯಾಗಿದೆ' ಎಂದು ನಾಲ್ಕು ಬಿಟ್ಟರೆ ಮರುದಿನ ಬೆಳಿಗ್ಗೆ ಅದು 29ಕ್ಕೆ ಬಂದಿರುತ್ತದೆ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಿಚಿ ಬಿಚ್ಚುತ್ತದೆ, ಅದರಿಂದ ಕಾವು ಏರುತ್ತದೆ, ಒಳಗಿನ ದಾರಗಳು ರಬ್ಬರಿನಿಂದ ಬಿಡುತ್ತವೆ, ಕೊನೆಗೆ ಟೈರ್ ಸಿಡಿಯುತ್ತದೆ. ಬಿಸಿಯಾದ ಟೈರಿನಿಂದ ಗಾಳಿ ಬಿಡಬಾರದು ಎಂಬ ವಾಕ್ಯ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಇರಲಿ. ದಾರಿಯಲ್ಲೇ ಗಾಳಿ ಹಾಕಿಸಲೇಬೇಕಾದರೆ ಹೇಳಿದ ಅಂಕಿಗಿಂತ ನಾಲ್ಕು ಹೆಚ್ಚು ಹಾಕಿಸಿ, ಮರುದಿನ ಬೆಳಿಗ್ಗೆ ನೋಡಿ ಸರಿಮಾಡುವುದು ಕ್ರಮ. ಹವೆಯ ತಾಪ 10 ಡಿಗ್ರಿ ಇಳಿದರೆ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಬೇಸಿಗೆಯಲ್ಲಿ ಸರಿಯಿದ್ದ ಟೈರ್ ಡಿಸೆಂಬರಿನಲ್ಲಿ ಮೆತ್ತಗಾಗುವುದಕ್ಕೆ ಪಂಚರೇ ಆಗಿರಬೇಕಿಲ್ಲ.

'ಒತ್ತಡ' ಎಂಬ ಪದವನ್ನೂ ಕಡಿಮೆ ಬಳಸಿ. ಬಂಕಿನಲ್ಲಿ 'ಗಾಳಿ ಎಷ್ಟು ಹಾಕಲಿ?' ಎಂದೇ ಕೇಳುತ್ತಾರೆ. 'ಮುಂದೆ 33, ಹಿಂದೆ 30' ಎನ್ನುವುದೇ ಉತ್ತರ. ಆ ಅಂಕಿ ಎಲ್ಲಿರುತ್ತದೆ ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ. ಟೈರಿನ ಪಕ್ಕೆಯ ಮೇಲೆ 44 ಅಥವಾ 51 ಎಂದು ಅಚ್ಚಾಗಿರುವುದು ಟೈರ್ ತಡೆಯುವ ಗರಿಷ್ಠ ಗಾಳಿ. ಅದನ್ನು 'ನಿಗದಿತ ಒತ್ತಡ' ಎಂದು ಬರೆದುಬಿಟ್ಟರೆ ದೊಡ್ಡ ತಪ್ಪಾಗುತ್ತದೆ.

'ಹಳಿ' ಚೆಂದದ ಪದ, ಆದರೆ ಇಲ್ಲಿಗೆ ಬೇಡ. ಬಂಡಿಯ ಗಾಲಿಗೆ ಕಾಯಿಸಿ ಏರಿಸಿ ನೀರು ಹೊಯ್ದು ಬಿಗಿಸುತ್ತಿದ್ದ ಕಬ್ಬಿಣದ ಪಟ್ಟಿ ಅದು. ಇಂಗ್ಲಿಷಿನ 'ಟೈರ್' ಸಹ ಮೊದಲು ಅಂಥದೇ ಕಬ್ಬಿಣದ ಪಟ್ಟಿಯಾಗಿತ್ತು, ಆಮೇಲೆ ರಬ್ಬರಿಗೆ ಬಂತು. ನಮ್ಮಲ್ಲಿ 'ಹಳಿ' ಈಗ ರೈಲಿನದಾಗಿದೆ. ಟೈರ್ ಟೈರಾಗಿಯೇ ಇರಲಿ. ಅದರ ಭಾಗಗಳಿಗೆ ಮಾತ್ರ ಕನ್ನಡ ಚೆನ್ನಾಗಿ ಒದಗುತ್ತದೆ: ಸೈಡ್‌ವಾಲ್‌ಗೆ 'ಪಕ್ಕೆ', ರಿಮ್ಮಿನಲ್ಲಿ ಕೂರುವ ಬೀಡ್‌ಗೆ 'ಅಂಚು', ನೆಲಕ್ಕೆ ತಾಗುವ ಭಾಗಕ್ಕೆ 'ಮೈ', ಅದರ ನಡುವಿನ ಗೆರೆಗಳಿಗೆ 'ಕಾಲುವೆ'. ಮಳೆಯಲ್ಲಿ ನೀರನ್ನು ಹೊರಹಾಕುವುದೇ ಈ ಕಾಲುವೆಗಳ ಕೆಲಸವಾದ್ದರಿಂದ ಪದ ತಾನೇ ಕಾರಣವನ್ನೂ ಹೇಳುತ್ತದೆ. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ 1.6 ಮಿಲಿಮೀಟರ್ ಎತ್ತರದ ಸಣ್ಣ ದಿಣ್ಣೆಗಳಿರುತ್ತವೆ. ಇವಕ್ಕೆ 'ಸವೆತದ ಗುರುತು' ಎನ್ನಿ. ಟೈರಿನ ಮೈ ಸವೆದು ಈ ದಿಣ್ಣೆಯ ಮಟ್ಟಕ್ಕೆ ಬಂದರೆ ಟೈರ್ ತೆಗೆಯಲೇಬೇಕು. ಅಂಗಡಿಯವರು 'ಗ್ರಿಪ್ ಹೋಗಿದೆ' ಎನ್ನುವುದು ಇದಕ್ಕೇ. ಆದರೆ 'ಗ್ರಿಪ್' ಎಂದರೆ ರಸ್ತೆಯ ಹಿಡಿತ ಎಂದೂ ಆಗುತ್ತದೆ. ಹಳೆಯದಾಗಿ ಗಟ್ಟಿಯಾದ ಟೈರಿನಲ್ಲಿ ಕಾಲುವೆ ಆಳವಾಗಿಯೇ ಇದ್ದು ಹಿಡಿತ ಇಲ್ಲದಿರಬಹುದು. ಅದಕ್ಕೆ ಕೈಪಿಡಿಯಲ್ಲಿ ಈ ಎರಡನ್ನೂ ಬೇರೆ ಇಡಿ. ಟೈರಿನ ವಯಸ್ಸು ಪಕ್ಕೆಯಲ್ಲೇ ಇದೆ: ಕೊನೆಯ ನಾಲ್ಕು ಅಂಕಿ 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು.

ಸವೆತದ ಬಗೆ ನೋಡಿ ರೋಗ ಹೇಳಬಹುದು. ನಡುವೆ ಮಾತ್ರ ಸವೆದರೆ ಗಾಳಿ ಹೆಚ್ಚು, ಮೈಯ ಎರಡೂ ಬದಿ ಸವೆದರೆ ಗಾಳಿ ಕಡಿಮೆ, ಒಂದೇ ಕಡೆ ಸವೆದರೆ ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ತಪ್ಪಿದೆ, ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದರೆ ಶಾಕ್ ಅಬ್ಸಾರ್ಬರ್ ನೋಡಿಸಿ. 'ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್' ಎಂದು ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿದೆ, ಆದರೆ ಅವು ಎರಡು ಕೆಲಸ; ಬ್ಯಾಲೆನ್ಸಿಂಗ್ ಎಂದರೆ ಚಕ್ರದ ಸುತ್ತಲಿನ ತೂಕ ಸರಿದೂಗಿಸುವುದು. ಸ್ಟಿಯರಿಂಗ್ ಬಿಟ್ಟರೆ ಗಾಡಿ ಒಂದು ಕಡೆಗೆ ಎಳೆದರೆ ಮೊದಲನೆಯದು. 80-100 ಕಿಲೋಮೀಟರ್ ವೇಗದಲ್ಲಿ ಸ್ಟಿಯರಿಂಗ್ ನಡುಗಿದರೆ ಎರಡನೆಯದು.

'ರೊಟೇಶನ್'ಗೆ 'ಟೈರ್ ಅದಲುಬದಲು' ಎನ್ನಿ, ಬೇರೆ ಯೋಚನೆ ಬೇಡ. ಮುಂದಿನ ಚಕ್ರಗಳಿಗೆ ಎಂಜಿನ್ ಎಳೆತವಿರುವ ಕಾರುಗಳಲ್ಲಿ ಮುಂದಿನ ಟೈರುಗಳು ನೇರವಾಗಿ ಹಿಂದಕ್ಕೆ, ಹಿಂದಿನವು ಅಡ್ಡಡ್ಡ ದಾಟಿ ಮುಂದಕ್ಕೆ, 8,000ದಿಂದ 10,000 ಕಿಲೋಮೀಟರಿಗೆ ಒಮ್ಮೆ. ಪಕ್ಕೆಯ ಮೇಲೆ ಬಾಣದ ಗುರುತಿದ್ದರೆ ಅಡ್ಡ ದಾಟಿಸುವಂತಿಲ್ಲ.

'ಪಂಚರ್' ವಿಷಯದಲ್ಲಿ ಎಚ್ಚರ. ಕನ್ನಡದಲ್ಲಿ 'ಪಂಚರ್ ಆಯ್ತು' ಎಂದರೆ ತೂತು ಬಿತ್ತು, 'ಪಂಚರ್ ಹಾಕಿಸು' ಎಂದರೆ ತೂತು ಮುಚ್ಚಿಸು. ಕ್ರಿಯಾಪದ ಬದಲಾದರೆ ಅರ್ಥ ತಲೆಕೆಳಗು. 'ಪಂಚರ್ ಹಾಕುವಂತಿಲ್ಲ' ಎಂಬ ವಾಕ್ಯ ಅಂಗಡಿಯವನಿಗೂ ಗಿರಾಕಿಗೂ ಒಂದೇ ತರ ಅರ್ಥವಾಗುತ್ತದೆ, ಧೈರ್ಯವಾಗಿ ಬಳಸಿ: ಪಕ್ಕೆಯಲ್ಲಿ ತೂತಾದರೆ, ಅಥವಾ ಮೈಯಲ್ಲಿ 6 ಮಿಲಿಮೀಟರಿಗಿಂತ ದೊಡ್ಡ ತೂತಾದರೆ ಪಂಚರ್ ಹಾಕುವಂತಿಲ್ಲ. ಪಕ್ಕೆಯಲ್ಲಿ ಉಬ್ಬು ಕಂಡರೆ ಒಳಗಿನ ದಾರ ಹರಿದಿದೆ ಎಂದೇ ಅರ್ಥ, ಗಾಳಿ ನಿಂತಿದ್ದರೂ ಆ ಟೈರ್ ಓಡಿಸಬಾರದು.

ಕೊನೆಗೆ 'ಸ್ಟೆಪ್ನಿ'. ಅದನ್ನು 'ಹೆಚ್ಚುವರಿ ಚಕ್ರ' ಮಾಡಬೇಡಿ. ಈ ಪದ ವೇಲ್ಸಿನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ ಬಂದದ್ದು. ಅಲ್ಲಿ ಅಂಗಡಿಯಿಟ್ಟಿದ್ದ ಡೇವೀಸ್ ಸೋದರರು 1904ರಲ್ಲಿ ಮಾಡಿದ 'ಸ್ಟೆಪ್ನಿ ಚಕ್ರ'ವನ್ನು ಪಂಚರಾದ ಚಕ್ರದ ಪಕ್ಕಕ್ಕೇ ಬಿಗಿಯುತ್ತಿದ್ದರು, ಬದಲಿಗೆ ಹಾಕುತ್ತಿರಲಿಲ್ಲ. ಆ ಚಕ್ರ ಮರೆಯಾದರೂ ಪದ ನಮ್ಮಲ್ಲಿ ಉಳಿದಿದೆ. ಬ್ರೆಜಿಲಿನವರ 'ಎಸ್ಟೆಪಿ'ಯೂ ಇದೇ. ಸ್ಟೆಪ್ನಿಗೂ ತಿಂಗಳಿಗೊಮ್ಮೆ ಗಾಳಿ ನೋಡಬೇಕು ಎಂಬುದನ್ನು ಬಿಡಬೇಡಿ. ಕಿರಿದಾದ ತಾತ್ಕಾಲಿಕ ಸ್ಟೆಪ್ನಿಯಾದರೆ ಅದಕ್ಕೆ 60 ಪಿಎಸ್‌ಐ, ಓಡಿಸುವುದು 80 ಕಿಲೋಮೀಟರ್ ವೇಗದೊಳಗೆ. ಅದನ್ನು ಹಾಕುವಾಗ ಜಾಕಿ ಎತ್ತುವ ಮುನ್ನ, ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಬಿಗಿಸುವಾಗ ಒಂದರ ಪಕ್ಕದ್ದನ್ನಲ್ಲ, ಎದುರಿನದ್ದನ್ನು.

ಉತ್ತರ 2: ಹೆಡ್‌ಲೈಟಿನ ಪದಗಳು

ಟೈರಿನ ಬಗ್ಗೆ ಬಂದ ಮಾತಿಗೆ ಪೂರ್ತಿ ಒಪ್ಪಿಗೆ. ಹೆಡ್‌ಲೈಟಿನಲ್ಲಿ ಗ್ಯಾರೇಜಿನ ಪದಗಳನ್ನೇ ಹಾಗೆಯೇ ಎತ್ತಿಕೊಂಡರೆ ತೊಡಕಿದೆ.

ಮೊದಲು 'ಡಿಮ್' ಮತ್ತು 'ಡಿಪ್'. 'ಡಿಮ್' ಎಂದರೆ ಮಂಕು, 'ಡಿಪ್' ಎಂದರೆ ಬೆಳಕಿನ ಕೋಲನ್ನು ಕೆಳಕ್ಕೆ ತಗ್ಗಿಸುವುದು. ನಮ್ಮಲ್ಲಿ ಎರಡೂ ಒಂದೇ ಆಗಿವೆ, ಜೊತೆಗೆ 'ಡಿಪ್ ಹೊಡೆ' ಎಂದರೆ ಕ್ಷಣಮಾತ್ರ ಮಿಂಚಿಸು ಎಂದೂ ಆಗಿದೆ. ಹೀಗಾಗಿ 'ಎದುರಿನ ಗಾಡಿಗೆ ಡಿಪ್ ಮಾಡಿ' ಎಂದರೆ ಒಬ್ಬರು ಬೆಳಕು ತಗ್ಗಿಸುತ್ತಾರೆ, ಇನ್ನೊಬ್ಬರು ಎದುರಿನವರ ಕಣ್ಣಿಗೆ ಮಿಂಚಿಸುತ್ತಾರೆ. ಕೈಪಿಡಿಯಲ್ಲಿ 'ತಗ್ಗುಬೆಳಕು' ಮತ್ತು 'ದೂರಬೆಳಕು' ಎಂದು ಇಟ್ಟು, ಮೊದಲ ಸಲ ಬಂದಾಗ 'ಗ್ಯಾರೇಜಿನಲ್ಲಿ ಡಿಮ್ ಮತ್ತು ಬ್ರೈಟ್ ಎನ್ನುವವು' ಎಂದು ಸೇರಿಸಿ. 'ಕಿರಣಪುಂಜ' ಭೌತಶಾಸ್ತ್ರದ ತರಗತಿಗಿರಲಿ.

'ಡಿಮ್' ಯಾಕೆ ಅರ್ಧಸತ್ಯ ಎಂದರೆ: ಎಚ್4 ಎಂಬ ಬಗೆಯ ಬಲ್ಬಿನೊಳಗೆ ಎರಡು ತಂತುಗಳಿವೆ, ದೂರಬೆಳಕಿಗೆ 60, ತಗ್ಗುಬೆಳಕಿಗೆ 55 ವ್ಯಾಟ್. ತಗ್ಗುಬೆಳಕಿನ ತಂತುವಿನ ಕೆಳಗೆ ಒಂದು ಲೋಹದ ಬಟ್ಟಲು ಇದ್ದು, ಪ್ರತಿಫಲಕದ ಕೆಳಗಿನ ಅರ್ಧಕ್ಕೆ ಬೆಳಕು ಬೀಳದಂತೆ ತಡೆಯುತ್ತದೆ. ಮುಖ್ಯವಾಗಿ ಅದರಿಂದಲೇ ದೂರಬೆಳಕಿನಲ್ಲಿ 1,650 ಲ್ಯೂಮೆನ್ (ಬೆಳಕಿನ ಅಳತೆ) ಇದ್ದದ್ದು ತಗ್ಗುಬೆಳಕಿನಲ್ಲಿ 1,000ಕ್ಕೆ ಇಳಿಯುತ್ತದೆ. ಎರಡು ಬೇರೆ ಬೇರೆ ಎಚ್7 ಬಲ್ಬುಗಳಿರುವ ಕಾರಿನಲ್ಲಾದರೆ ತಗ್ಗುಬೆಳಕಿನ ಬಲ್ಬೂ ದೂರಬೆಳಕಿನ ಬಲ್ಬೂ ಅದೇ 55 ವ್ಯಾಟ್. ಅಲ್ಲಿ ಮಂಕು ಎಂಬ ಮಾತೇ ಇಲ್ಲ, ಬೀಳುವ ಜಾಗ ಬೇರೆ.

ಎರಡನೆಯದು 'ಫ್ಯೂಸ್'. 'ಬಲ್ಬ್ ಫ್ಯೂಸ್ ಆಗಿದೆ' ಎಂದು ಮನೆಯಲ್ಲೂ ಹೇಳುತ್ತೇವೆ, ಆದರೆ ಕಾರಿನಲ್ಲಿ ಫ್ಯೂಸ್ ಬೇರೊಂದು ಭಾಗ. 'ಬಲ್ಬ್ ಹೋಗಿದೆ', 'ಬಲ್ಬ್ ಸುಟ್ಟಿದೆ' ಎಂದು ಬರೆದರೆ ಗೊಂದಲವಿಲ್ಲ. ಒಂದು ಕಡೆ ಮಾತ್ರ ಉರಿಯದಿದ್ದರೆ ಮೊದಲು ಬಲ್ಬ್ ನೋಡಿ, ಆಮೇಲೆ ಆ ಕಡೆಯ ಫ್ಯೂಸ್. ಎರಡೂ ಒಮ್ಮೆಗೇ ಹೋದರೆ ಫ್ಯೂಸ್, ರಿಲೇ ಅಥವಾ ಸ್ವಿಚ್ಚಿನ ಕಡೆ ಗಮನ ಕೊಡಿ.

'ಹೆಡ್‌ಲೈಟ್ ಬದಲಿಸುವುದು' ಎಂಬ ಶೀರ್ಷಿಕೆಯೂ ತಪ್ಪು ದಾರಿ ಹಿಡಿಸುತ್ತದೆ, ಅಂಗಡಿಯಲ್ಲಿ ಇಡೀ ಡೂಮ್ (ಗಾಜು, ಪ್ರತಿಫಲಕ ಸೇರಿದ ಹೆಡ್‌ಲೈಟಿನ ಪೂರ್ತಿ ಜೋಡಣೆ) ತೆಗೆದುಕೊಟ್ಟಾರು. 'ಹೆಡ್‌ಲೈಟಿನ ಬಲ್ಬ್' ಎನ್ನಿ. ಬಲ್ಬಿನ ಭಾಗಗಳಿಗೆ 'ಗಾಜು', 'ಬುಡ', 'ಕಾಲು' ಸಾಕು. ವೈರಿನ ಕನೆಕ್ಟರಿಗೆ ಮೆಕ್ಯಾನಿಕ್‌ಗಳು 'ಕಪ್ಲರ್' ಎನ್ನುತ್ತಾರೆ, ಅದೇ ಇರಲಿ.

ಎಚ್4ಗೆ ವಾಕ್ಯಗಳನ್ನು ಹೀಗೆ ಜೋಡಿಸಬಹುದು. ಲೈಟೂ ಎಂಜಿನ್ನೂ ಆರಿಸಿ ಹತ್ತು-ಹದಿನೈದು ನಿಮಿಷ ಬಿಡಿ. ಉರಿಯುವಾಗ ಗಾಜು ನೂರಾರು ಡಿಗ್ರಿ ಕಾದಿರುತ್ತದೆ. ಕಪ್ಲರನ್ನು ವೈರ್ ಹಿಡಿದು ಎಳೆಯದೆ ಅದರ ಮೈ ಹಿಡಿದು ಎಳೆಯಿರಿ. ರಬ್ಬರ್ ಕವರ್ ಬಿಡಿಸಿ, ಸ್ಪ್ರಿಂಗ್ ಕ್ಲಿಪ್ಪನ್ನು ಒತ್ತಿ ಪಕ್ಕಕ್ಕೆ ಸರಿಸಿ, ಬಲ್ಬನ್ನು ನೇರವಾಗಿ ಹಿಂದಕ್ಕೆ ತೆಗೆಯಿರಿ. ಹೊಸ ಬಲ್ಬಿನ ಬುಡದಲ್ಲಿ ಮೂರು ನಾಲಿಗೆಗಳಿವೆ, ಅಗಲವಾದದ್ದು ಮೇಲೆ ಬರಬೇಕು. ಸರಿಯಾಗಿ ಕೂರದೆ ಓರೆಯಾದರೆ ತಗ್ಗುಬೆಳಕು ಮೇಲಕ್ಕೆ ಹಾರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ರಬ್ಬರ್ ಕವರನ್ನು ಸುತ್ತಲೂ ಒತ್ತಿ ಕೂರಿಸದಿದ್ದರೆ ಮಳೆಗಾಲದಲ್ಲಿ ಒಳಗೆ ಹಬೆ ಕಟ್ಟಿ ಪ್ರತಿಫಲಕದ ಹೊಳಪು ಹೋಗುತ್ತದೆ.

'ಗಾಜನ್ನು ಮುಟ್ಟಬೇಡಿ' ಎಂದಷ್ಟೇ ಬರೆದರೆ ಜನ ಅದನ್ನು ಮಡಿಯೆಂದು ತಿಳಿದು ಬಿಟ್ಟುಬಿಡುತ್ತಾರೆ. ಕಾರಣವನ್ನೂ ಬರೆಯಿರಿ. ಹ್ಯಾಲೊಜೆನ್ ಬಲ್ಬಿನ ಗಾಜು ಕ್ವಾರ್ಟ್ಸ್. ಬೆರಳಿನ ಜಿಡ್ಡು ಮತ್ತು ಉಪ್ಪು ತಾಗಿದ ಜಾಗ ಉಳಿದ ಕಡೆಗಿಂತ ಹೆಚ್ಚು ಕಾಯುತ್ತದೆ, ಅಲ್ಲಿ ಗಾಜು ಬೆಳ್ಳಗಾಗಿ ಬಿರುಸಾಗುತ್ತದೆ, ಒಳಗಿನ ಅನಿಲದ ಒತ್ತಡಕ್ಕೆ ಬಿರಿಯುತ್ತದೆ. ಕೈ ತಾಗಿಬಿಟ್ಟರೆ ಸ್ಪಿರಿಟ್ ಹಚ್ಚಿದ ಶುಭ್ರ ಬಟ್ಟೆಯಿಂದ ಒರೆಸಿ ಆರಿದ ಮೇಲೆ ಹಾಕಿದರಾಯಿತು. ಒಡೆದರೆ ಚೂರು ಸಿಡಿಯುವುದರಿಂದ ಕಣ್ಣಿಗೆ ಕನ್ನಡಕವಿರಲಿ. ಕ್ಸೆನಾನ್ ಹೆಡ್‌ಲೈಟ್ ಇರುವ ಕಾರಿನಲ್ಲಿ ಮಾತ್ರ ಕೈ ಹಾಕಲೇಬಾರದು, ಹೊತ್ತಿಸುವ ಕ್ಷಣದಲ್ಲಿ ಅಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಹೆಚ್ಚು ಇರುತ್ತದೆ.

'ಪವರ್ ಬಲ್ಬ್' ಎಂಬ ಹೆಸರಿನಲ್ಲಿ ಮಾರುವ 100/90 ವ್ಯಾಟಿನವನ್ನು ಕೈಪಿಡಿ ಖಂಡಿತವಾಗಿ ಬೇಡ ಎನ್ನಬೇಕು. 60 ವ್ಯಾಟಿಗೆ 5 ಆಂಪಿಯರ್, 100ಕ್ಕೆ 8.3. ವೈರ್ ಕಾಯುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ, ಅಂದರೆ ಎರಡೂವರೆ ಪಟ್ಟಿಗೂ ಹೆಚ್ಚು. ಕಪ್ಲರ್ ಕರಗುವುದು, ಪ್ರತಿಫಲಕ ಕಪ್ಪಾಗುವುದು ಇದರಿಂದಲೇ. ಫ್ಯೂಸ್ ಹೋಯಿತೆಂದು ದೊಡ್ಡ ಫ್ಯೂಸ್ ಹಾಕಿದರೆ ಮುಂದೆ ಸುಡುವುದು ವೈರ್.

ಬಲ್ಬ್ ಹಾಕಿದ ಮೇಲೆ ಬೆಳಕಿನ ಮಟ್ಟ ನೋಡುವುದಕ್ಕೆ 'ಫೋಕಸ್ ನೋಡು' ಎನ್ನುವ ರೂಢಿಯ ಮಾತೇ ಸಾಕು. ಸಮನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ. ಡೂಮಿನ ಮೇಲೆ ಶೇ. 1 ಎಂದು ಅಚ್ಚಾಗಿದ್ದರೆ ತಗ್ಗುಬೆಳಕಿನ ಮೇಲಂಚು ಬಲ್ಬಿನ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ನಮ್ಮ ಎಡಬದಿ ಸಂಚಾರಕ್ಕೆ ಮಾಡಿದ ಡೂಮ್‌ಗಳಲ್ಲಿ ಈ ಅಂಚು ಎಡಕ್ಕೆ ಸ್ವಲ್ಪ ಏರಿರುತ್ತದೆ, ಅದು ದೋಷವಲ್ಲ. ಹಿಂದಿನ ಟೈರುಗಳಲ್ಲಿ ಗಾಳಿ ಕಡಿಮೆಯಿದ್ದರೆ ಮೂತಿ ಎದ್ದು ಬೆಳಕೂ ಏರುತ್ತದೆ. ಆದ್ದರಿಂದ ಮೊದಲು ಗಾಳಿ, ಆಮೇಲೆ ಫೋಕಸ್.

ಇನ್ನೊಂದು ಸೇರ್ಪಡೆ

ಕರಡಿನಲ್ಲಿ 'ಎಡ ಹೆಡ್‌ಲೈಟ್', 'ಬಲ ಟೈರ್' ಎಂದಿದ್ದರೆ ತಿದ್ದಿ. ಬಾನೆಟ್ ಎತ್ತಿ ಕಾರಿಗೆ ಮುಖಮಾಡಿ ನಿಂತವರಿಗೆ ಎಡ-ಬಲ ಅದಲುಬದಲಾಗುತ್ತದೆ; ಬಿಡಿಭಾಗ ಕೊಳ್ಳುವಾಗಲೂ ಇದರಿಂದ ತಪ್ಪು ಡೂಮ್ ಮನೆಗೆ ಬರುತ್ತದೆ. 'ಡ್ರೈವರ್ ಸೈಡ್', 'ಕ್ಲೀನರ್ ಸೈಡ್' ಎಂದು ನಮ್ಮ ಮೆಕ್ಯಾನಿಕ್‌ಗಳು ಹೇಳುವುದೇ ಸರಿ. ಕಾರಿನಲ್ಲಿ ಕ್ಲೀನರ್ ಇಲ್ಲದಿದ್ದರೂ ಅಂಗಡಿಯಲ್ಲಿ ಆ ಮಾತು ನಡೆಯುತ್ತದೆ, ಎಲ್ಲಿ ನಿಂತು ಹೇಳಿದರೂ ಬದಲಾಗುವುದಿಲ್ಲ.