ಸುಳ್ಳು ಪತ್ತೆ ಪರೀಕ್ಷೆಗೆ ತಮ್ಮ ಒಪ್ಪಬೇಕಾ?

ಶಿರಸಿ ಅಕ್ಕ:
ತಮ್ಮ ಇಲ್ಲಿ ಒಂದು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುತ್ತಾನೆ. ಹೋದ ತಿಂಗಳು ಅಲ್ಲಿಂದ ಚೀಲಗಳು ಕಾಣೆಯಾಗಿವೆ. ಕೀಲಿ ಇದ್ದವರಲ್ಲಿ ಇವನೂ ಒಬ್ಬ. ಪಾಲಿಗ್ರಾಫ್ ಮಾಡಿಸೋಣ, ತಪ್ಪು ಮಾಡದಿದ್ದರೆ ಹೆದರಿಕೆ ಯಾಕೆ ಅಂತ ಪೊಲೀಸರು ಹೇಳುತ್ತಿದ್ದಾರೆ. ಇವನೋ ಮೊದಲೇ ಪುಕ್ಕಲ, ಬಿಪಿ ಮಾತ್ರೆ ಬೇರೆ. ಯಾರಾದರೂ ಗಟ್ಟಿಯಾಗಿ ಮಾತಾಡಿಸಿದರೆ ಸಾಕು, ಅಂಗೈ ಒದ್ದೆ. ಎದೆ ಹೊಡೆದುಕೊಂಡರೆ ಮಷಿನ್ನು ಸುಳ್ಳು ಅಂತ ತೋರಿಸಿಬಿಡುತ್ತದಾ? ಬೇಡ ಅಂದರೆ ಅನುಮಾನ ಜಾಸ್ತಿ ಆಗಲ್ವಾ?

ಕಾಳಿ ದಂಡೆ, ಕಾರವಾರ:
ತಂಗಿ, ಮಷಿನ್ನಿಗೆ ಸುಳ್ಳು ಗೊತ್ತಾಗುವುದಿಲ್ಲ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿದ್ದು ನಿವೃತ್ತನಾದವನು ನಾನು, ಈ ಮಷಿನ್ನು ಬರೆಯುವ ಗೆರೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಉಸಿರು ನೋಡಲು ಎದೆಗೊಂದು, ಹೊಟ್ಟೆಗೊಂದು ಕೊಳವೆ ಕಟ್ಟುತ್ತಾರೆ. ತೋಳಿಗೆ ಬಿಪಿ ಪಟ್ಟಿ. ಬೆರಳಿಗೆ ಬೆವರು ಅಳೆಯುವ ತಗಡು. ಪ್ರಶ್ನೆ ಕೇಳಿ ಒಂದೆರಡು ಸೆಕೆಂಡಿನಲ್ಲೇ ಬೆರಳಿನ ಗೆರೆ ಮೇಲೇಳುತ್ತದೆ. ಹೆದರಿಕೆಗೆ ಎದ್ದಿತೋ, ಸಿಟ್ಟಿಗೋ, ನಾಚಿಕೆಗೋ, ಅದು ಹೇಳುವುದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಲ್ಲಿ ಕದಿಯದವರೂ ಇರುತ್ತಾರೆ.

ಅದಕ್ಕೇ ಪ್ರಶ್ನೆ ಹೆಣೆಯುವುದರಲ್ಲೇ ಎಲ್ಲ ಇರುವುದು. 'ಚೀಲ ನೀನು ತೆಗೆದೆಯಾ' ಅನ್ನುವುದರ ಜೊತೆಗೆ 'ಯಾವತ್ತಾದರೂ ನಿನ್ನದಲ್ಲದ್ದನ್ನು ಮುಟ್ಟಿದ್ದೀಯಾ' ಅಂತಲೂ ಕೇಳುತ್ತಾರೆ. ಕಳ್ಳ ಮೊದಲನೆಯದಕ್ಕೆ ಜಾಸ್ತಿ ಬೆದರುತ್ತಾನೆ, ಸಾಚಾ ಮನುಷ್ಯ ಎರಡನೆಯದಕ್ಕೆ ಅಂತ ಲೆಕ್ಕ. 1947ರಲ್ಲಿ ಅಮೆರಿಕದ ಜಾನ್ ರೀಡ್ ತಂದ ಪದ್ಧತಿ. ನನಗೆ ಇದು ಪೂರ್ತಿ ಒಪ್ಪಿಗೆಯಾಗಿದ್ದೇ ಇಲ್ಲ. ಕೆಲಸ ಹೋಗುವ ಭಯ ಇರುವವನು ಮೊದಲನೆಯದಕ್ಕೇ ಬೆವರಲ್ವಾ?

ಇನ್ನೊಂದು ಪದ್ಧತಿ ವಾಸಿ. 1959ರಲ್ಲಿ ಡೇವಿಡ್ ಲಿಕ್ಕೆನ್ ಬರೆದದ್ದು. ಹೋದದ್ದು ಯಾವ ಬಗೆಯ ಅಡಿಕೆ, ಚಾಲಿಯಾ, ರಾಶಿಯಾ, ಬೆಟ್ಟೆಯಾ, ಕೆಂಪಗೋಟಾ ಅಂತ ಒಂದೊಂದಾಗಿ ಕೇಳುವುದು. ಕದ್ದವನಿಗೆ ಒಂದೇ ಹೆಸರು ಚುಚ್ಚುತ್ತದೆ. ಗೊತ್ತಿಲ್ಲದ ಪುಕ್ಕಲ ಎಲ್ಲದಕ್ಕೂ ಒಂದೇ ಥರ ಬೆವರುತ್ತಾನೆ, ಹಾಗಾಗಿ ಬಚಾವ್. ಆದರೆ ಏನು ಹೋಯಿತು ಅನ್ನುವುದು ಕಳ್ಳನಿಗೂ ಪೊಲೀಸರಿಗೂ ಬಿಟ್ಟು ಬೇರೆಯವರಿಗೆ ಗೊತ್ತಿರಬಾರದು. ಶಿರಸಿ ಪೇಟೆಯಲ್ಲಿ ಇದು ಆಗುವ ಮಾತಾ! ಅದರಲ್ಲೂ ಲೆಕ್ಕ ಬರೆಯುವವನಿಗೆ ಯಾವ ಚೀಲ ಕಮ್ಮಿ ಅಂತ ಎಲ್ಲರಿಗಿಂತ ಮೊದಲೇ ಗೊತ್ತಾಗಿರುತ್ತದೆ. ನಿಮ್ಮ ತಮ್ಮನಿಗೆ ಎರಡೂ ಪದ್ಧತಿ ಹೊಂದುವುದಿಲ್ಲ. ನನ್ನನ್ನು ಕೇಳಿದರೆ ಬೇಡ.

ಕುಮಟಾ ವಕೀಲ:
ಅಕ್ಕಾ, ಬೇಡ ಅನ್ನುವ ಹಕ್ಕು ಅವನಿಗಿದೆ. ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ಹೇಳಿದೆ: ಒಪ್ಪಿಗೆ ಇಲ್ಲದೆ ಪಾಲಿಗ್ರಾಫ್ ಮಾಡುವಂತಿಲ್ಲ. ಒಪ್ಪಿದರೂ ಅದನ್ನು ಮ್ಯಾಜಿಸ್ಟ್ರೇಟರ ಎದುರು ದಾಖಲಿಸಬೇಕು, ವಕೀಲರ ನೆರವು ಸಿಗಬೇಕು. ಬರೀ ಪರೀಕ್ಷೆಯ ಫಲಿತಾಂಶ ಸಾಕ್ಷ್ಯ ಆಗುವುದಿಲ್ಲ. ಆದರೆ ಒಪ್ಪಿ ಕೂತವನ ಮಾತಿನಿಂದ ಮಾಲು ಸಿಕ್ಕರೆ ಅದು ಸಾಕ್ಷ್ಯಕ್ಕೆ ಬರಬಹುದು. ಠಾಣೆಯಲ್ಲಿ ಸುಮ್ನೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ ಅಂತ ಹೇಳಿ. ಅನುಮಾನ ಬಂದರೆ ಬರಲಿ, ಅವರು ಬೇರೆ ಸಾಕ್ಷಿ ಹುಡುಕಲಿ.

ಅಂಕೋಲೆ ಹುಡುಗ:
ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯಲ್ಲೇ ಕೂತು ಸೋವಿಯತ್ತಿಗೆ ಗುಟ್ಟು ಮಾರುತ್ತಿದ್ದ ಆಲ್ಡ್ರಿಚ್ ಏಮ್ಸ್ 1986ರಲ್ಲೂ 1991ರಲ್ಲೂ ಇದೇ ಪರೀಕ್ಷೆ ಪಾಸಾಗಿದ್ದ. ಇಲ್ಲಿ ಅಂಗೈ ಒದ್ದೆಯಾಗುವ ಪಾಪದವನಿಗೆ ಫಜೀತಿ.

ಶಿರಸಿ ಅಕ್ಕ:
ಎಲ್ಲರಿಗೂ ಉಪಕಾರ. ಒಂದೇ ಒಂದು ಕೇಳುವುದಿತ್ತು. ಅವನ ಮಾತ್ರೆ ಮೆಟೊಪ್ರೊಲಾಲ್. ಅದನ್ನು ತೆಗೆದುಕೊಂಡು ಹೋದರೆ ಮೋಸ ಅಂತಾರೆ ಅಂದುಕೊಂಡು ಈಗಲೇ ಬಿಡಲು ಹೊರಟಿದ್ದಾನೆ.

ಕಾಳಿ ದಂಡೆ, ಕಾರವಾರ:
ಬಿಡುವುದು ಬೇಡವೇ ಬೇಡ! ಆ ಮಾತ್ರೆ ತಟ್ಟನೆ ನಿಲ್ಲಿಸುವುದು ಹೃದಯಕ್ಕೆ ಅಪಾಯ. ಅದರಿಂದ ಎದೆ ಬಡಿತದ ಗೆರೆ ಸ್ವಲ್ಪ ತಣ್ಣಗಾಗುತ್ತದೆ, ಬೆರಳಿನ ಬೆವರು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಪರೀಕ್ಷೆಗೆ ಮುಂಚೆ ಯಾವ ಔಷಧಿ ಅಂತ ಅವರೇ ಕೇಳುತ್ತಾರೆ, ಹೇಳಿದರೆ ಆಯ್ತು, ಅದರಲ್ಲಿ ಮೋಸ ಏನೂ ಇಲ್ಲ. ಮೊದಲು ಇವತ್ತಿನ ಮಾತ್ರೆ ನುಂಗಿಸಿ, ಆಮೇಲೆ ಕುಮಟೆಯವರು ಹೇಳಿದ ಹಾಗೆ ಒಬ್ಬ ವಕೀಲರನ್ನು ನೋಡಿ.