‘ಪೈಪು ಒಸರುತ್ತದೆ’ ಅನ್ನಬಹುದೇ?

ದಾವಣಗೆರೆ, ಚಿತ್ರದುರ್ಗದ ಕಡೆಯವರಿದ್ದರೆ ಮುಖ್ಯವಾಗಿ ಅವರಿಗೇ ಈ ಪ್ರಶ್ನೆ. ‘ಪೈಪಿನಿಂದ ನೀರು ಒಸರುತ್ತದೆ’ ಅನ್ನುವುದು ಎಲ್ಲರಿಗೂ ಗೊತ್ತು. ಪೈಪನ್ನೇ ಮುಂದಿಟ್ಟು ‘ಪೈಪು ಒಸರುತ್ತದೆ’ ಅಂತ ಹೇಳುವುದು ನಿಮ್ಮ ಮನೆಮಾತಿನಲ್ಲಿ ಇದೆಯೇ?

ದಾವಣಗೆರೆಯ ನಮ್ಮ ಮನೆಯಲ್ಲಿ ಸಿಂಕಿನ ಕೆಳಗೆ ಡಬ್ಬಿ ಇಡುವ ಜಾಗ ಸದಾ ಪಸೆ ಇರುತ್ತಿತ್ತು. ನೋಡಲು ಬಂದ ಪ್ಲಂಬರ್ ಬಗ್ಗಿ ಮೊಬೈಲ್ ಟಾರ್ಚ್ ಬಿಟ್ಟು, ನಲ್ಲಿಗೆ ನೀರು ತರುವ ಕನೆಕ್ಷನ್ ಪೈಪಿನ ನಟ್ಟಿಗೆ ಬೆರಳಾಡಿಸಿ, ‘ಇದು ಸೋರೋದಲ್ಲಕ್ಕಾ, ಒಸರೋದು. ಪೈಪೇ ಒಸರ್ತೈತಿ’ ಅಂದರು. ನಟ್ಟಿನ ಸುತ್ತ ಬಿಳಿ ಉಪ್ಪು ಕಟ್ಟಿತ್ತು. ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿತ್ತು. ನಮ್ಮದು ಬೋರ್‌ವೆಲ್ ನೀರು, ಗಡಸು. ನಟ್ಟಿನ ಮೈಮೇಲೆ ತೇವವಾಗಿ ಹರಡಿ, ಸ್ವಲ್ಪ ಅಲ್ಲೇ ಆರಿ ಉಪ್ಪು ಬಿಟ್ಟು, ಉಳಿದದ್ದು ಗೋಡೆಗುಂಟ ಇಳಿಯುತ್ತಿತ್ತು. ಹನಿ ಬೀಳುವುದು ಕಾಣುತ್ತಲೇ ಇರಲಿಲ್ಲ. ಹಾಗಾಗಿ ‘ಒಸರು’ ಅನ್ನುವ ಮಾತು ಅಲ್ಲಿಗೆ ಸರಿಯಾಗಿಯೇ ಇತ್ತು. ನನಗೆ ಹೊಸದು ಅನಿಸಿದ್ದು ‘ಪೈಪೇ’ ಅಂದದ್ದು.

‘ಸೋರು’ ಎರಡೂ ಕಡೆ ನಡೆಯುತ್ತದೆ. ನೀರು ಸೋರುತ್ತದೆ, ಕೊಡವೂ ಸೋರುತ್ತದೆ. ಮನೆ ಸೋರುತ್ತದೆ, ಮೂಗು ಸೋರುತ್ತದೆ, ಕಿವಿ ಸೋರುತ್ತದೆ. ‘ಒಸರು’, ‘ಜಿನುಗು’ ಹಾಗಲ್ಲ ಅಂತ ನಾನು ಅಂದುಕೊಂಡಿದ್ದೇನೆ. ವಸಡಿನಿಂದ ರಕ್ತ ಒಸರುತ್ತದೆ ಅಂತೇವೆ, ವಸಡು ಒಸರುತ್ತದೆ ಅನ್ನಲ್ಲ. ಬಂಡೆಯ ಸಂದಿಯಲ್ಲಿ ನೀರು ಜಿನುಗುತ್ತದೆ, ಬಂಡೆ ಜಿನುಗಲ್ಲ. ‘ಊರು’ ಅಂತೂ ಪೂರ್ತಿ ನೀರಿನದೇ: ಬಾವಿಯಲ್ಲಿ ನೀರು ಊರುತ್ತದೆ, ಬಾಯಲ್ಲಿ ನೀರೂರುತ್ತದೆ. ಕಿಟ್ಟೆಲ್ ನಿಘಂಟಿನಲ್ಲಿ (1894) ಸೋರು, ಒಸರು ಎರಡೂ ಇವೆ. ಆದರೆ ನನಗೆ ಬೇಕಿರುವುದು ನಿಘಂಟಿನ ಅರ್ಥವಲ್ಲ, ಈಗ ಜನ ಆಡುವ ವಾಕ್ಯ.

ಆ ಪ್ಲಂಬರ್ ಕೆಲಸ ಮಾಡುತ್ತಿದ್ದಾಗ ನಾನು ಗಮನಿಸಿದ ಇನ್ನೊಂದು ವಿಷಯ. ನಲ್ಲಿ ಬಂದ್ ಇದ್ದಾಗಲೂ ನೀರು ಬರುತ್ತಿದ್ದರೆ ಅದು ನೀರು ಬರುವ ಕಡೆಯ ತೊಂದರೆ. ಮೇಲಿನ ಟ್ಯಾಂಕಿನ ಒತ್ತಡ ಹಗಲೂ ರಾತ್ರಿ ಇರುತ್ತದಲ್ಲ. ಇದಕ್ಕೆ ಅವರು ‘ಒಸರು’, ‘ಜಿನುಗು’ ಅನ್ನುತ್ತಿದ್ದರು. ಪಾತ್ರೆ ತೊಳೆದ ನೀರು ಹೋಗುವಾಗ ಮಾತ್ರ ಬಂದರೆ ವೇಸ್ಟ್ ಕಪ್ಲಿಂಗ್ (ಸಿಂಕಿನ ತೂತಿಗೆ ಕೂರಿಸುವ ಜೋಡಣೆ) ಅಥವಾ ಬಾಟಲ್ ಟ್ರ್ಯಾಪ್ (ಅದರ ಕೆಳಗಿನ ಬಾಟಲಿಯಂಥ ಭಾಗ) ಕಡೆ ನೋಡಬೇಕು. ಅದಕ್ಕೆ ‘ಸೋರು’. ಇದು ಅವರೊಬ್ಬರ ರೂಢಿಯೋ, ಈ ಕಸುಬಿನವರೆಲ್ಲ ಹೀಗೇ ಬೇರೆ ಮಾಡುತ್ತಾರೋ, ಗೊತ್ತಿದ್ದವರು ಹೇಳಿ.

ರಿಪೇರಿ ದೊಡ್ಡದೇನಲ್ಲ. ಆಂಗಲ್ ಕಾಕ್ (ಗೋಡೆಯಲ್ಲಿ ನೀರು ನಿಲ್ಲಿಸುವ ಸಣ್ಣ ನಲ್ಲಿ) ಬಂದ್ ಮಾಡಿ ನಟ್ಟು ಬಿಚ್ಚಿದರೆ ಒಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ ಸೀಳಿತ್ತು. ಹೊಸದು ಹಾಕಿದರು, ಮುಗಿಯಿತು. ನಾನು ಟೆಫ್ಲಾನ್ ಟೇಪ್ ಸುತ್ತಲ್ವಾ ಅಂತ ಕೇಳಿದೆ. ವಾಷರ್ ಕೂರುವ ನಟ್ಟಿಗೆ ಟೇಪ್ ಸುಮ್ನೆ ದಂಡ, ಅಲ್ಲಿ ನೀರು ತಡೆಯುವುದು ವಾಷರ್ರೇ ಅಂದರು. ಗೋಡೆಯೊಳಕ್ಕೆ ತಿರುಗಿಸುವ ಆಂಗಲ್ ಕಾಕಿನ ಥ್ರೆಡ್ಡಿಗೆ ಮಾತ್ರ ಟೇಪ್ ಬೇಕೇ ಬೇಕು. ಟ್ರ್ಯಾಪಿನ ಪ್ಲಾಸ್ಟಿಕ್ ನಟ್ಟನ್ನು ಕೈಲೇ ಬಿಗಿ ಮಾಡಬೇಕು. ಸ್ಪ್ಯಾನರ್ ಹಾಕಿ ಜಾಸ್ತಿ ತಿರುಗಿಸಿದರೆ ನಟ್ಟೇ ಬಿರಿಯುತ್ತದೆ.

ಈಗ ಎರಡನೇ ಪ್ರಶ್ನೆ. ನೀರು ಹೊರಗೆ ಬರುವ ಜಾಗ ಒಂದು, ಹನಿ ಬೀಳುವ ಜಾಗ ಇನ್ನೊಂದು. ಮೇಲಿನ ಕಪ್ಲಿಂಗಿನಲ್ಲಿ ಹೊರಟ ನೀರು ಪೈಪಿನ ಹೊರಮೈ ಹಿಡಿದು ಇಳಿದು, ಎಲ್ಲಕ್ಕಿಂತ ಕೆಳಗಿರುವ ನಟ್ಟಿನ ತುದಿಯಲ್ಲಿ ತೊಟ್ಟಿಕ್ಕುತ್ತದೆ. ನೋಡಿದವರು ಕೆಳಗಿನ ನಟ್ಟನ್ನೇ ಬಿಗಿ ಮಾಡುತ್ತಾ ಕೂರುತ್ತಾರೆ. ಎಲ್ಲವನ್ನೂ ಒಣಬಟ್ಟೆಯಲ್ಲಿ ಒರೆಸಿ, ಒಂದೊಂದು ಜಾಯಿಂಟಿಗೂ ಪೇಪರ್ ಸುತ್ತಿ, ಮೇಲಿನಿಂದ ಮೊದಲು ಯಾವುದು ನೆನೆಯಿತು ಅಂತ ನೋಡಿದರೆ ಗೊತ್ತಾಗುತ್ತದೆ. ತುದಿಯಲ್ಲಿ ಆಗುವುದಕ್ಕೆ ‘ತೊಟ್ಟಿಕ್ಕು’ ಇದೆ. ಹೀಗೆ ಮೈಗುಂಟ ಇಳಿದು ಬರುವುದಕ್ಕೆ ಒಂದೇ ಪದ ಇದೆಯೇ? ಹೊರಡುವ ಆ ಜಾಗಕ್ಕೆ? ಕಣ್ಣಿಗೆ ತೂತು ಕಾಣದಿರುವಾಗ ‘ತೂತು’ ಅನ್ನಲಿಕ್ಕೆ ಬಾಯಿ ಬರಲ್ಲ. ಎಲ್ಲರೂ ‘ಲೀಕೇಜ್’ ಅಂದುಬಿಡುತ್ತಾರೆ, ನೀರಿಗೂ ಅದೇ, ಜಾಗಕ್ಕೂ ಅದೇ.

‘ಸೋರಿಕೆ’ ಅಂತ ದಯವಿಟ್ಟು ಯಾರೂ ಹೇಳಬೇಡಿ. ಅದು ಪತ್ರಿಕೆಯ ಪದ. ಪ್ರಶ್ನೆಪತ್ರಿಕೆ ಸೋರಿಕೆ, ಅನಿಲ ಸೋರಿಕೆ ಎಲ್ಲ ಸರಿ. ‘ನಮ್ಮ ಸಿಂಕಲ್ಲಿ ಸೋರಿಕೆ ಇದೆ’ ಅಂದ ಮನುಷ್ಯರನ್ನು ನಾನಂತೂ ನೋಡಿಲ್ಲ.

ಹರಿಹರದ ಕಡೆ ಹೊಳೆಯ ಮರಳು ತೋಡಿದಾಗ ಬರುವ ನೀರಿಗೆ ‘ಒರತೆ’ ಅಂತಾರೆ. ಅದನ್ನು ಗೋಡೆಗೋ ಪೈಪಿಗೋ ಯಾರಾದರೂ ಬಳಸುತ್ತೀರಾ? ಚಳ್ಳಕೆರೆ, ಮೊಳಕಾಲ್ಮುರಿನವರಿಗೆ ಇನ್ನೊಂದು: ತೆಲುಗಿನಲ್ಲಿ ನೀರು ಸೋರುವುದಕ್ಕೆ ‘ಕಾರು’ ಅನ್ನುತ್ತಾರೆ. ನಮಗೆ ಕಾರುವುದು ಅಂದರೆ ವಾಂತಿ, ಇಲ್ಲವೇ ಹಾವು ವಿಷ ಕಾರುವುದು. ಎರಡೂ ಮಾತಾಡುವ ಮನೆಗಳಲ್ಲಿ ‘ನಲ್ಲಿ ಕಾರ್ತೈತಿ’ ಅನ್ನುವುದು ಕಿವಿಗೆ ಬಿದ್ದಿದೆಯೇ?

ಉತ್ತರಿಸುವವರು ಬರೀ ಪದ ಬರೆಯದೆ ಇಡೀ ವಾಕ್ಯ ಬರೆಯಿರಿ. ಒಸರುತ್ತಿರುವುದು ನೀರೋ ಪೈಪೋ ಅನ್ನುವುದು ವಾಕ್ಯ ನೋಡಿದರೇ ತಿಳಿಯುವುದು. ಯಾವ ಊರು, ಯಾವ ತಾಲ್ಲೂಕು ಅಂತಲೂ ಜೊತೆಗೆ ಹಾಕಿ.