ಲೇಖನವೂ ವಿನ್ಯಾಸವೂ ‘ಈಗಾಗಲೇ ಪ್ರಕಟಿತ’ ಎನಿಸಿಕೊಳ್ಳುವುದು ಯಾವಾಗ? ಅನುಭವಸ್ಥರ ಉತ್ತರಗಳು

ಪ್ರಶ್ನೆ: ನಾನು ರೂಪಿಸಿದ ಮಡಚುವ ಮೇಜುದೀಪದ ಫೋಟೊಗಳನ್ನು ಕೆಲವು ತಿಂಗಳ ಹಿಂದೆ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದೆ. ಅದನ್ನು ರೂಪಿಸಿದ ಬಗೆಯನ್ನು ಕುರಿತ ಲೇಖನದ ಕರಡು ನನ್ನ ಬ್ಲಾಗಿನಲ್ಲಿದೆ. ಈಗ ಲೇಖನವನ್ನು ಪತ್ರಿಕೆಗೆ ಕಳುಹಿಸಬೇಕು, ವಿನ್ಯಾಸವನ್ನು ನೋಂದಾಯಿಸಬೇಕು. ಎರಡನ್ನೂ ಅಳಿಸಿಬಿಟ್ಟರೆ ಸಾಕೇ?

ಸಂಪಾದಕೀಯ ಕೆಲಸದಲ್ಲಿರುವವರ ಉತ್ತರ:

ಅಳಿಸುವುದರಿಂದ ಪ್ರಯೋಜನವಿಲ್ಲ. ಅಪ್ರಕಟಿತ ಬರಹವನ್ನೇ ಕೇಳುವ ಪತ್ರಿಕೆಗಳಲ್ಲಿ ಹೆಚ್ಚಿನವು ಯಾರು ಬೇಕಾದರೂ ತೆರೆದು ಓದಬಹುದಾದ ಬ್ಲಾಗನ್ನು ಪ್ರಕಟಣೆಯೆಂದೇ ಎಣಿಸುತ್ತವೆ. ಆದರೆ ಈ ನಿಯಮವನ್ನು ಮಾಡಿದ್ದು ಪತ್ರಿಕೆಯೇ ಆದುದರಿಂದ, ಅದನ್ನು ಸಡಿಲಿಸುವ ಅಧಿಕಾರವೂ ಸಂಪಾದಕರಿಗಿದೆ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ ಸಂಪಾದಕ ಫ್ರಾಂಜ್ ಇಂಗೆಲ್‌ಫಿಂಗರ್ 1969ರಲ್ಲಿ, ಬೇರೆಡೆ ಬಹಿರಂಗವಾದ ಸಂಶೋಧನೆಯನ್ನು ತಾವು ಪ್ರಕಟಿಸುವುದಿಲ್ಲ ಎಂಬ ನಿಲುವು ತಳೆದರು. ಅನಂತರ ಪ್ರೀಪ್ರಿಂಟ್‌ಗಳು, ಅಂದರೆ ಪತ್ರಿಕೆಯ ಪರಿಶೀಲನೆಗೆ ಮೊದಲೇ ಅಂತರ್ಜಾಲದಲ್ಲಿ ಹಾಕುವ ಲೇಖನದ ಪ್ರತಿಗಳು ಬಂದು, ಇಂದು ಅನೇಕ ವಿದ್ವತ್ ಪತ್ರಿಕೆಗಳು ಹಾಗೆ ಮೊದಲೇ ಕಾಣಿಸಿಕೊಂಡ ಲೇಖನಗಳನ್ನು ಸ್ವೀಕರಿಸುತ್ತಿವೆ. ಹಾಗಾಗಿ ಲೇಖನದ ಜೊತೆಗಿನ ಪತ್ರದಲ್ಲಿ, ‘ಇದರ ಆರಂಭಿಕ ಕರಡು ನನ್ನ ಬ್ಲಾಗಿನಲ್ಲಿ ಇಂಥ ದಿನದಿಂದ ಇದೆ, ಇದರಲ್ಲಿ ಇಂಥಿಂಥ ಭಾಗಗಳು ಹೊಸವು’ ಎಂದು ಸ್ಪಷ್ಟವಾಗಿ ಬರೆಯಿರಿ. ಸಂಪಾದಕರಿಗೆ ನೋವಾಗುವುದು ಬ್ಲಾಗಿನಿಂದಲ್ಲ, ಲೇಖನ ಅಚ್ಚಿಗೆ ಹೋಗುವಾಗ ಅದು ತಾನಾಗಿ ಸಿಕ್ಕಿಬೀಳುವುದರಿಂದ.

ವಿನ್ಯಾಸ ಅರ್ಜಿಗಳನ್ನು ನೋಡಿಕೊಳ್ಳುವವರ ಉತ್ತರ:

ದೀಪದ ವಿಷಯದಲ್ಲಿ ಇಂಥ ಸಡಿಲಿಕೆಗೆ ಅವಕಾಶವಿಲ್ಲ. ಇಲ್ಲಿ ಮಾತನಾಡುವುದು ದಿನಾಂಕ. ಅರ್ಜಿಯ ದಿನಕ್ಕಿಂತ ಮೊದಲು ವಿನ್ಯಾಸವು ಸಾರ್ವಜನಿಕರಿಗೆ ತೋರಿದ್ದರೆ ನೋಂದಣಿಗೆ ಬೇಕಾದ ಹೊಸತನ ಹೋದಂತೆಯೇ, ತೋರಿಸಿದವರು ಸ್ವತಃ ವಿನ್ಯಾಸಕರಾಗಿದ್ದರೂ ಸರಿ. ಯುರೋಪಿಯನ್ ಒಕ್ಕೂಟ, ಅಮೆರಿಕ, ಜಪಾನ್‌ಗಳಲ್ಲಿ ಮಾತ್ರ ವಿನ್ಯಾಸಕರೇ ಬಹಿರಂಗಪಡಿಸಿದ ಮೇಲೆ 12 ತಿಂಗಳ ರಿಯಾಯಿತಿ ಅವಧಿಯಿದೆ, ಅದರೊಳಗೆ ಅರ್ಜಿ ಹಾಕಿದರೆ ಹೊಸತನ ಹೋಗದು. ಭಾರತದ 2000ದ ವಿನ್ಯಾಸ ಕಾಯ್ದೆಯಲ್ಲಿ ಇಂಥ ಸಾಮಾನ್ಯ ರಿಯಾಯಿತಿ ಇಲ್ಲ. ಸರ್ಕಾರ ಅಧಿಸೂಚಿಸಿದ ಪ್ರದರ್ಶನಕ್ಕೆ ಮುಂಚಿತವಾಗಿ ನೋಟಿಸ್ ಕೊಟ್ಟು ತೋರಿಸಿ, ಆರು ತಿಂಗಳೊಳಗೆ ಅರ್ಜಿ ಹಾಕಿದವರಿಗಷ್ಟೇ ರಕ್ಷಣೆ. ನಂಬಿಕೆಯ ಮೇಲೆ ತೋರಿಸಿದ್ದನ್ನು ಆ ನಂಬಿಕೆ ಮುರಿದು ಬಯಲು ಮಾಡಿದ ಸಂದರ್ಭಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ಇನ್‌ಸ್ಟಾಗ್ರಾಂ ಫೋಟೊ ಆ ಸಾಲಿಗೆ ಬಾರದು.

ಒಂದು ಪ್ರಕರಣವನ್ನು ಗಮನಿಸಿ. ಗಾಯಕಿ ರಿಹಾನಾ ಧರಿಸಿದ್ದ ಬೂಟುಗಳ ಚಿತ್ರಗಳು 2014ರ ಡಿಸೆಂಬರ್‌ನಲ್ಲಿ ಇನ್‌ಸ್ಟಾಗ್ರಾಂನಲ್ಲಿ ಬಂದವು. ಅಂಥ ಬೂಟಿನ ವಿನ್ಯಾಸದ ನೋಂದಣಿಗೆ ಪೂಮಾ ಕಂಪನಿ ಅರ್ಜಿ ಹಾಕಿದ್ದು 2016ರ ಜುಲೈಯಲ್ಲಿ, ಅಂದರೆ 12 ತಿಂಗಳ ರಿಯಾಯಿತಿ ಮುಗಿದ ಮೇಲೆ. ಆ ಚಿತ್ರಗಳನ್ನು ನೋಡಿದವರು ಬೂಟುಗಳತ್ತ ಗಮನ ಹರಿಸಿರಲಾರರು ಎಂಬ ವಾದವನ್ನು ಯುರೋಪಿಯನ್ ಒಕ್ಕೂಟದ ಜನರಲ್ ಕೋರ್ಟ್ 2024ರ ಮಾರ್ಚ್‌ನಲ್ಲಿ ಒಪ್ಪಲಿಲ್ಲ, ಮತ್ತು ನೋಂದಣಿ ಉಳಿಯಲಿಲ್ಲ. ಬೂಟಿನ ದಾರ, ಅಡಿಭಾಗದ ಆಕಾರ ಚಿತ್ರದಲ್ಲಿ ಕಾಣುತ್ತಿದ್ದರೆ ಸಾಕು, ಅದು ಜಾಹೀರಾತಿಗಾಗಿ ತೆಗೆದ ಚಿತ್ರವಾಗಿರಬೇಕಿಲ್ಲ.

ಆದ್ದರಿಂದ ನಿಮ್ಮ ಫೋಟೊಗಳನ್ನು ಹಿಗ್ಗಿಸಿ ನೋಡಿ: ದೀಪದ ಮಡಿಕೆಗಳು, ಕಾಂಡದ ಬಾಗು, ತಳದ ರೂಪ ಎಷ್ಟು ಕಾಣುತ್ತವೆ? ಬಟ್ಟೆ ಹೊದಿಸಿದ್ದರೆ, ಅಥವಾ ಬೆಳಕು ಚೆಲ್ಲುವುದಷ್ಟೇ ಕಾಣುತ್ತಿದ್ದರೆ ವಿನ್ಯಾಸ ಬಯಲಾಗಿಲ್ಲವೆಂದು ವಾದಿಸಲು ಎಡೆಯಿದೆ. ಪೂರ್ತಿ ಕಾಣುತ್ತಿದ್ದರೆ, ಅನಂತರ ನೀವು ರೂಪಿಸಿದ ಆವೃತ್ತಿ ಒಟ್ಟಂದದಲ್ಲಿ ಬೇರೆಯಾಗಿ ಕಾಣುವುದೇ ಎಂಬುದನ್ನು ಪರಿಶೀಲಿಸಿ, ಅದಕ್ಕೆ ಅರ್ಜಿ ಹಾಕುವುದನ್ನು ಯೋಚಿಸಿ.

ಮತ್ತೊಬ್ಬರ ಸೇರ್ಪಡೆ:

ಲೇಖನವನ್ನು ಅರ್ಜಿಗಿಂತ ಮೊದಲು ಪ್ರಕಟಿಸಬೇಡಿ, ಏಕೆಂದರೆ ಚಿತ್ರಸಹಿತ ಲೇಖನವೇ ಒಂದು ಬಹಿರಂಗಪಡಿಸುವಿಕೆ. ಮೊದಲ ಅರ್ಜಿಯ ನಂತರ, ಕೈಗಾರಿಕಾ ಸ್ವತ್ತಿನ ರಕ್ಷಣೆ ಕುರಿತ ಪ್ಯಾರಿಸ್ ಒಪ್ಪಂದದ ಇತರ ದೇಶಗಳಲ್ಲಿ ಅರ್ಜಿ ಹಾಕಲು ವಿನ್ಯಾಸಗಳಿಗೆ ಆರು ತಿಂಗಳ ಆದ್ಯತೆ ಸಿಗುತ್ತದೆ, ಅಂದರೆ ಆ ಅರ್ಜಿಗಳಿಗೂ ಮೊದಲ ಅರ್ಜಿಯ ದಿನಾಂಕವೇ ಲೆಕ್ಕ. ದೀಪದ ಅಚ್ಚು ತಯಾರಿಸುವವರಿಗೆ ವಿನ್ಯಾಸವನ್ನು ತೋರಿಸುವಾಗ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಿ. ಫೋಟೊ ಹಾಕಿದ ನಿಖರ ದಿನಾಂಕವನ್ನೂ ಯಾವ ದೇಶಗಳಲ್ಲಿ ರಕ್ಷಣೆ ಬೇಕೆಂಬುದನ್ನೂ ತಿಳಿಸಿದರೆ, ಎಲ್ಲಿ ಇನ್ನೂ ದಾರಿಯಿದೆ ಎಂಬುದನ್ನು ನೋಡಿ ಹೇಳಬಹುದು.